ಬಾಗಿನದ ಜೊತೆ ಬಂದ ಡೇಲಿಯಾ ಗೆಡ್ಡೆ

ಎದುರುಮನೆ ಅಕ್ಕನ ಕೆಳತುಟಿಯ ಮೇಲೆ ಯಾವಾಗಲೂ ಒಂದು ಹೂವಿನ ಎಸಳು ಅಂಟಿಕೊಂಡಿರುತ್ತಿತ್ತು. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ನಸ್ಟರ್ಷಿಯಂ ಹೂವನ್ನು ಕಿತ್ತು, ಊದಿ, ಹಾಗೇ ಬಾಯಿಗೆ ಹಾಕಿಕೊಳ್ಳುವರು. ಹಾಲು ತರಲು ಹೊರಟ ನಾನು ಕಣ್ಣಿಗೆ ಬಿದ್ದರೆ ನನಗೂ ಒಂದು. ಮೊದಲ ಸಲ ತಿಂದಾಗ ಸಾಸಿವೆ ಅಗಿದಂತೆ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. "ಹೂವು ನೋಡೋಕೆ ಮಾತ್ರ ಅಂತ ಯಾರೇ ಹೇಳಿದ್ದು ನಿಂಗೆ?" ಎಂದು ನಕ್ಕರು.

ನಾವು ಬಸವೇಶ್ವರನಗರದ ಈ ಮನೆಗೆ ಬಂದ ಹೊಸದು ಅದು. ಅಕ್ಕನ ಯಜಮಾನರಿಗೆ ಬಹಳ ವರ್ಷ ಊಟಿಯಲ್ಲಿ ಕೆಲಸವಿತ್ತಂತೆ. ಅಲ್ಲಿನ ಚಳಿಯಲ್ಲಿ ಹೂಗಿಡ ಬೆಳೆಯುವುದನ್ನೂ ಅದನ್ನು ತಿನ್ನುವುದನ್ನೂ ಕಲಿತು ಬಂದಿದ್ದ ಅಕ್ಕ, ನಮ್ಮ ಬೀದಿಯ ಡಿಸೆಂಬರ್ ಚಳಿಯೇ ಸಾಕು ಎಂದು ಮಹಡಿಯ ತುಂಬ ಕುಂಡ ಜೋಡಿಸಿದ್ದರು. ಹುಳಿ ಹುಳಿ ಬಿಗೋನಿಯ ಹೂ ಮೊಸರುಬಜ್ಜಿಗೆ, ನಸ್ಟರ್ಷಿಯಂ ಎಲೆ ಚಟ್ನಿಗೆ. ಆದರೆ ಅವರ ಹೆಮ್ಮೆಯೆಲ್ಲ ಡೇಲಿಯಾ. ತಟ್ಟೆಯಗಲದ ಆ ಕೆಂಪು ಹೂಗಳನ್ನು ನೋಡಲು ಹಿಂದಿನ ಕ್ರಾಸಿನವರೂ ಬರುತ್ತಿದ್ದರು. ಹೂ ಮುಗಿದ ಮೇಲೆ ಬುಡ ಅಗೆದು ಗೆಡ್ಡೆ ತೆಗೆದು, ಸಿಪ್ಪೆ ಹೆರೆದು, ಕಾಯಿತುರಿ ಹಾಕಿ ಪಲ್ಯ ಮಾಡುವರು. ಅದರ ರುಚಿ ಆಲೂಗಡ್ಡೆಯದೂ ಅಲ್ಲ, ಮೂಲಂಗಿಯದೂ ಅಲ್ಲ. ನನ್ನ ಗಂಡ ಮೂಸಿ ನೋಡಿ ತಟ್ಟೆ ಸರಿಸಿದರು. ನಾನು ಎರಡು ಸಲ ಬಡಿಸಿಕೊಂಡೆ.

ನನಗೂ ಡೇಲಿಯಾ ಬೆಳೆಯುವ ಆಸೆ. ಪ್ರತಿ ಗೌರಿಹಬ್ಬಕ್ಕೆ ಬಾಗಿನದ ಜೊತೆ ಅಕ್ಕ ನಾಲ್ಕು ಗೆಡ್ಡೆ ಕೊಡುವರು, ಅರಿಶಿನ ಕುಂಕುಮ ಹಚ್ಚಿ. ನಾನು ಮಣ್ಣು ಜರಡಿ ಹಿಡಿದು, ಗೊಬ್ಬರ ಬೆರೆಸಿ ನೆಟ್ಟು ಕಾಯುವೆ. ಒಂದು ವರ್ಷವೂ ಒಂದು ಮೊಳಕೆ ಬರಲಿಲ್ಲ. ಅಕ್ಕ ಬಂದು ಕುಂಡ ಇಣುಕಿ, ನನ್ನ ಕೈಯನ್ನು ತಿರುಗಿಸಿ ನೋಡಿ, "ಕೆಲವ್ರಿಗೆ ಕೈಗುಣ ಇರಲ್ಲ ಕಣೇ. ಬೇಜಾರು ಮಾಡ್ಕೋಬೇಡ, ತಿನ್ನೋಕೆ ನಮ್ಮನೆಗೆ ಬಾ" ಎನ್ನುವರು. ಎಂಥ ಕರುಣೆ ಆ ದನಿಯಲ್ಲಿ. ಆರು ವರ್ಷ ನಂಬಿದೆ. ಬೇರೆ ಯಾವ ಗಿಡಕ್ಕೂ ಕೈ ಹಾಕಲಿಲ್ಲ, ತುಳಸಿಯನ್ನೂ ಗಂಡನ ಕೈಯಲ್ಲೇ ನೆಡಿಸಿದೆ.

ಮಗಳ ಮದುವೆ ಬಂತು. ನಮ್ಮಲ್ಲಿ ಮದುವೆಗೆ ಮುಂಚೆ ಮಣ್ಣಿನ ಕುಡಿಕೆಗಳಲ್ಲಿ ನವಧಾನ್ಯ ಬಿತ್ತುವ ಶಾಸ್ತ್ರವಿದೆ. ಮೊದಲ ಹಿಡಿ ಹೆತ್ತ ತಾಯಿಯದು. ಕಾಳು ಚೆನ್ನಾಗಿ ಮೊಳೆತರೆ ಮಗಳ ಸಂಸಾರವೂ ಚೆನ್ನಾಗಿರುತ್ತದೆಂಬ ನಂಬಿಕೆ. ನಾನು ಹಾಕಿದ ಕಾಳು ಮೊಳೆಯದಿದ್ದರೆ? ಹಿಂದಿನ ದಿನ ಅಕ್ಕನ ಮನೆಗೆ ಹೋಗಿ, "ನನ್ನ ಬದಲು ನೀವು ಹಾಕಿ ಅಕ್ಕ" ಎಂದು ಬೇಡಿಕೊಂಡೆ. ಅವರು ರೇಷ್ಮೆ ಸೀರೆ ಉಟ್ಟು ಬಂದು, ನನ್ನ ಜಾಗದಲ್ಲಿ ಕೂತು, ಮೊದಲ ಹಿಡಿ ಹಾಕಿದರು. "ಅಮ್ಮ, ನೀನ್ಯಾಕೆ ಹಾಕ್ತಿಲ್ಲ?" ಎಂದು ಮಗಳು ಕೇಳಿದಳು. "ಸುಮ್ನಿರೇ" ಎಂದೆ.

ಮುಂದಿನ ಗೌರಿಹಬ್ಬಕ್ಕೂ ಗೆಡ್ಡೆ ಬಂದವು. ಯಾವ ಮಣ್ಣು ಹಾಕಬೇಕೆಂದು ಕೇಳೋಣವೆಂದು ಅವನ್ನು ಚೀಲದಲ್ಲಿಟ್ಟುಕೊಂಡು ಮಾಗಡಿ ರಸ್ತೆಯ ಒಂದು ನರ್ಸರಿಗೆ ಹೋದೆ. ನರ್ಸರಿಯವನು ಒಂದನ್ನು ಎತ್ತಿ ತುದಿ ನೋಡಿದ. "ಇದು ಅಡುಗೆಗಾಗುತ್ತೆ ಆಂಟಿ, ನೆಡೋಕಲ್ಲ. ಹಳೇ ಕಾಂಡದ ಚೂರು ಅಂಟ್ಕೊಂಡಿರ್ಬೇಕು, ಮೊಳಕೆ ಬರೋ ಕಣ್ಣು ಇರೋದೇ ಅಲ್ಲಿ. ಎಲ್ಲದರದ್ದೂ ನೀಟಾಗಿ ಕುಯ್ದುಬಿಟ್ಟಿದಾರೆ ನೋಡಿ. ಯಾರ ಕೈಲಿ ನೆಡಿಸಿದ್ರೂ ಇದು ಬರಲ್ಲ."

ನೇರ ಅಕ್ಕನ ಮನೆಗೆ ಹೋದೆ. ಅವರಿಗೂ ಗೊತ್ತಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಗೆಡ್ಡೆ ಮುಂದಿಟ್ಟು ಕೇಳಿದೆ. ಅವರು ಸುಳ್ಳಾಡಲಿಲ್ಲ.

"ಗೊತ್ತಿತ್ತು. ಡೇಲಿಯಾ ಅಂದ್ರೆ ನಮ್ಮನೆ ಅಂತಾರೆ ಜನ. ಅದೊಂದಾದ್ರೂ ನಂಗೇ ಇರ್ಲಿ ಅಂತ."

"ಮದುವೇಲಿ ನನ್ನ ಜಾಗದಲ್ಲಿ ಕೂತಾಗ್ಲೂ ಗೊತ್ತಿತ್ತಲ್ಲ ಅಕ್ಕ?"

ಅಕ್ಕ ಸೆರಗಿನ ಅಂಚು ನೀವಿದರು. "ನೀನಾಗೇ ಕರೆದೆ. ನಾನ್ ಹೆಂಗೆ ಬೇಡ ಅನ್ನಲಿ?"

ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟೆ. ಕೊಡುವ ಮನಸ್ಸಿಲ್ಲದಿದ್ದರೆ ಕೊಡಬಾರದಿತ್ತು, ನಾನೇನೂ ಕಿತ್ತುಕೊಳ್ಳುತ್ತಿರಲಿಲ್ಲ. ಕೊಟ್ಟಂತೆ ಮಾಡಿ, ಆಮೇಲೆ ನನ್ನ ಕೈಯನ್ನೇ ದೂರಿದರಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ. ಹೂವಿನ ರುಚಿ ನಾಲಿಗೆಗೆ ಹತ್ತಿಸಿದವರೂ ಅವರೇ, ಅದನ್ನೂ ಇಲ್ಲವೆನ್ನಲಾರೆ. ಈಗಲೂ ಯಾರ ಮನೆಯಲ್ಲಾದರೂ ಬಿಗೋನಿಯ ಕಂಡರೆ ಒಂದು ಎಸಳು ಕೇಳಿ ಬಾಯಿಗೆ ಹಾಕಿಕೊಳ್ಳುತ್ತೇನೆ, ಅಕ್ಕನನ್ನು ಬೈದುಕೊಂಡೇ.

ಹೋದ ಚಳಿಗಾಲದಲ್ಲಿ ಅಕ್ಕ ಇದ್ದಕ್ಕಿದ್ದಂತೆ ತೀರಿಕೊಂಡರು. ಹೋಗಿ ಕೈಮುಗಿದೆ. ಸೇರಿದ್ದ ಹೆಂಗಸರು "ಏನ್ ಕೈಗುಣ ಅವ್ರದ್ದು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಹೂಂ ಅಂದೆ. ಮನೆಗೆ ಬಂದು ಸ್ನಾನ ಮಾಡಿ, ಡಬ್ಬಿಯಿಂದ ಒಂದು ಹಿಡಿ ಹೆಸರುಕಾಳು ತೆಗೆದು ಖಾಲಿ ಕುಂಡವೊಂದಕ್ಕೆ ಬಿತ್ತಿ ನೀರು ಚಿಮುಕಿಸಿದೆ. ನಿಜ ಗೊತ್ತಾದ ಮೇಲೂ ಅಲ್ಲಿಯವರೆಗೆ ಧೈರ್ಯ ಬಂದಿರಲಿಲ್ಲ. ಮೊಳಕೆ ಬಾರದಿದ್ದರೆ ಎಂಬುದೊಂದು ಭಯ, ಬಂದರೆ ಎಂಬುದು ಇನ್ನೊಂದು.

ನಾಲ್ಕನೇ ದಿನ ಬೆಳಿಗ್ಗೆ ಕುಂಡದ ತುಂಬ ಮೊಳಕೆ. ಅಲ್ಲೇ ಕೂತು ಅತ್ತುಬಿಟ್ಟೆ. ಅಕ್ಕನಿಗಾಗಿ ಅಲ್ಲ. ಮಗಳ ಮದುವೆಯಲ್ಲಿ ಈ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದೆ.