ಕಾವ್ಯ ಕೂತಾಗ ಮಾತ್ರ

ನನ್ನ ತಂಗಿ ಕಾವ್ಯಶ್ರೀ ಸುಳ್ಳು ಹೇಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮೈಸೂರಿನಲ್ಲಿ ದೊಡ್ಡ ದೊಡ್ಡ ಓದು ಓದಿದವರೇ ಸೇರಿ ಅವಳನ್ನು ಸುಳ್ಳಿ ಮಾಡಿದರು. ಚಿಕ್ಕಂದಿನಲ್ಲಿ ನಾವಿಬ್ಬರೂ ಪಕ್ಕದ ಹೊಲದ ಜೋಳದ ತೆನೆ ಮುರಿದಾಗ, ಅಪ್ಪ ಕೇಳುವ ಮೊದಲೇ ಒಪ್ಪಿಕೊಂಡು ನನಗೂ ಏಟು ತಿನ್ನಿಸಿದ ಮಹಾತಾಯಿ ಅವಳು.

ನಮ್ಮೂರು ಶಿರಂಗಾಲ. ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಅಪ್ಪ ಸಣ್ಣಸ್ವಾಮಿ ಈಗಿಲ್ಲ. ಅವ್ವ ವನಜಮ್ಮ ನನ್ನ ಜೊತೆಗೇ ಇದ್ದಾಳೆ. ಕಾವ್ಯ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸೇರಿದಾಗ, ಇನ್ನು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಡುವುದು ನಿಲ್ಲುತ್ತದೆ ಎಂದು ಊರವರು ಖುಷಿಪಟ್ಟರು. ಅವಳು ನೋಡಿದರೆ ಕಂಬ, ತಂತಿ ಎಲ್ಲ ಬಿಟ್ಟು ಅಯಸ್ಕಾಂತದ ಹಿಂದೆ ಬಿದ್ದಳು.

ಅವಳ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೂದಲಿಗಿಂತ ಎಷ್ಟೋ ಸಣ್ಣದಾದ ಮೊನೆಯ ಮೇಲೆ ಒಂದು ವಜ್ರದ ಚೂರು. ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಕೆಂಪಗೆ ಮಿನುಗುತ್ತದೆ. ಹತ್ತಿರದಲ್ಲಿ ಅಯಸ್ಕಾಂತದ ಶಕ್ತಿ ಇದ್ದರೆ ಆ ಮಿನುಗು ಬದಲಾಗುತ್ತದೆ. ಹೀಗೆ ಕಣ್ಣಿಗೆ ಕಾಣದ ಜಾಗದಲ್ಲಿ ಮೊನೆ ಆಡಿಸುತ್ತಾ ಹೋಗಿ, ಎಲ್ಲಿ ಎಷ್ಟು ಶಕ್ತಿ ಇದೆ ಎಂದು ಚಿತ್ರ ತೆಗೆಯುವುದು. ಆ ಮೆಷಿನ್ನನ್ನು ಮೈಸೂರಿನ ಸಂಶೋಧನಾಲಯದಲ್ಲಿ ಅವಳೇ ನಿಂತು ಜೋಡಿಸಿದ್ದಳು. ಅದರ ಕೋಣೆಗೆ ಕಬ್ಬಿಣ ತರುವಂತಿಲ್ಲ. ಕೀಲಿಕೈ, ಫೋನು, ತಲೆಯ ಪಿನ್ನು ಎಲ್ಲ ಬಾಗಿಲಲ್ಲೇ ಬಿಡಬೇಕು. ಒಮ್ಮೆ ವಿಭಾಗದ ಮುಖ್ಯಸ್ಥ ಜಯಪ್ರಕಾಶ್ ಅವರ ಬೆಲ್ಟನ್ನೇ ಬಿಚ್ಚಿಸಿದ್ದಳಂತೆ. ಅವರು ಪ್ಯಾಂಟು ಹಿಡಿದುಕೊಂಡು ಒಳಗೆ ಬಂದದ್ದನ್ನು ಹೇಳಿ ಹೇಳಿ ನಕ್ಕಿದ್ದೆವು.

ಆಮೇಲೆ ನಗು ನಿಂತುಹೋಯಿತು. ಕಾವ್ಯ ಬಾಣಂತನಕ್ಕೆ ಊರಿಗೆ ಬಂದಳು. ಹಸಿ ಬಾಣಂತಿ, ಎಳೆಗೂಸು ಮಲಗುವ ಕಡೆ ಗಾಳಿ ಸೋಕದ ಹಾಗೆ ಕಬ್ಬಿಣ ಇರಬೇಕು ಎನ್ನುವುದು ನಮ್ಮಲ್ಲಿ ರೂಢಿ. ಅವ್ವ ಹಾಸಿಗೆಯ ಕೆಳಗೆ ಕುಡುಗೋಲು ಇಟ್ಟಳು.

"ಅವ್ವ, ಕೂಸಿಗೆ ತಾಗುತ್ತೆ, ತಗೊಂಡೋಗು," ಎಂದು ಕಾವ್ಯ ನಗುತ್ತಲೇ ಅದನ್ನು ಹೊರಗಿಡಿಸಿದಳು.

ಹೆಸರಿಡುವ ಮೊದಲೇ ಮಗು ಹೋಯಿತು. ಹುಟ್ಟುವಾಗಲೇ ಹೃದಯದಲ್ಲಿ ತೊಂದರೆ ಇತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವ್ವನ ತಲೆಗೆ ಅದು ಇಳಿಯಲಿಲ್ಲ. ಹಟ ಮಾಡಿ ಕಬ್ಬಿಣ ಇಡಬೇಕಿತ್ತು, ತಪ್ಪು ನನ್ನದೇ ಎಂದು ಎದೆ ಬಡಿದುಕೊಂಡಳು. ಅಯ್ಯೋ, ಆ ದಿನಗಳು ನಮ್ಮ ಶತ್ರುವಿಗೂ ಬೇಡ.

ಕಾವ್ಯ ಮತ್ತೆ ಕೆಲಸಕ್ಕೆ ಹೊರಟಾಗ ಅವ್ವ ಒಂದು ನೀಲಿ ಸ್ವೆಟರ್ ಹೆಣೆದುಕೊಟ್ಟಳು. ಮೆಷಿನ್ ಕೋಣೆಯಲ್ಲಿ ಎಸಿ ಹಾಕಿ ಸದಾ ತಣ್ಣಗಿಟ್ಟಿರುತ್ತಾರೆ. ಕಾವ್ಯ ಅದನ್ನು ಕೋಣೆಯ ಹೊರಗಿನ ಗೂಟಕ್ಕೆ ನೇತುಹಾಕಿಟ್ಟು, ಒಳಗೆ ಕೂತಾಗಲೆಲ್ಲ ತೊಡುತ್ತಿದ್ದಳು. ಗುಂಡಿಗಳು ಮರದವು. ಕಬ್ಬಿಣದವಲ್ಲ ಎಂದು ಅವನ್ನು ಮಾತ್ರ ನೋಡಿಯೇ ತೊಟ್ಟಿದ್ದಳು.

ಆ ವರ್ಷವೇ ಅವಳಿಗೆ ಏನೋ ಸಿಕ್ಕಿತು. ಅಯಸ್ಕಾಂತದ ಗುಣವೇ ಇಲ್ಲ ಎಂದುಕೊಂಡಿದ್ದ ಒಂದು ತೆಳು ಪದರದಲ್ಲಿ ಸಣ್ಣ ಶಕ್ತಿ ಕಾಣತೊಡಗಿತು. ಮಗು ಹೋದ ಮೇಲೆ ಮೊದಲ ಸಲ ಫೋನಿನಲ್ಲಿ ಅವಳ ದನಿಯಲ್ಲಿ ಜೀವ ಕೇಳಿಸಿತು. "ಅಕ್ಕ, ನನಗೇ ಮೊದಲು ಕಂಡಿದ್ದು ಕಣೆ," ಎಂದಳು. ಲೇಖನ ಬರೆದಳು. ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು.

ಬೇರೆ ದೇಶದವರು ಅದೇ ಪ್ರಯೋಗ ಮಾಡಿ ನೋಡಿದರೆ ಆ ಫಲಿತಾಂಶ ಬರಲಿಲ್ಲ. ಅವಳ ವಿದ್ಯಾರ್ಥಿ ಮಿಲನ್ ಅದೇ ಮೆಷಿನ್ನಿನ ಮುಂದೆ ಕೂತು ಮಾಡಿದರೂ ಬರಲಿಲ್ಲ. ಕಾವ್ಯ ಕೂತರೆ ಬರುತ್ತಿತ್ತು. ಜಯಪ್ರಕಾಶ್ ಎಲ್ಲರೆದುರು ಕೇಳಿದರಂತೆ, "ನೀವು ಕೂತಾಗ ಮಾತ್ರ ಬರೋದು ಹೇಗಮ್ಮ? ಲೆಕ್ಕ ನೀವೇ ಬರೆದುಕೊಂಡ್ರಾ?" ಉತ್ತರ ಅವಳಿಗೇ ಗೊತ್ತಿರಲಿಲ್ಲ. ಲೇಖನ ಹಿಂದಕ್ಕೆ ಪಡೆದರು, ವಿಚಾರಣೆ ಕೂತಿತು. ಅದು ಮುಗಿಯುವ ಮೊದಲೇ ಇವಳು ರಾಜೀನಾಮೆ ಬಿಸಾಕಿ ಬಂದಳು. ಲೆಕ್ಕ ತಿದ್ದಿದವಳು ಎಂಬ ಮಾತು ಮಾತ್ರ ಅಲ್ಲಿ ಉಳಿಯಿತು. ಈಗ ಕುಶಾಲನಗರದ ಕಾಲೇಜೊಂದರಲ್ಲಿ ಮೋಟಾರು, ಡೈನಮೋ ಪಾಠ ಹೇಳುತ್ತಾಳೆ. ಸಂಶೋಧನೆಯ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ.

ಹೋದ ಭಾನುವಾರ ಊರಿಗೆ ಬಂದಿದ್ದಳು. ತೊಟ್ಟಿದ್ದ ಆ ನೀಲಿ ಸ್ವೆಟರಿನ ತೋಳು ಬಿಚ್ಚಿಕೊಂಡಿತ್ತು. ಉಲ್ಲನ್ ಬಿಚ್ಚಿ ಬೇರೇನಾದರೂ ಹೆಣೆಯೋಣ ಎಂದು ನಾನು ಕತ್ತರಿ ಹಿಡಿದೆ. ಗುಂಡಿಗಳ ಹಿಂದೆ ಅವ್ವ ಹೊಲಿದಿದ್ದ ಬಟ್ಟೆಪಟ್ಟಿಯೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಹೊಲಿಗೆ ಬಿಚ್ಚಿದೆ. ಎತ್ತಿನ ಲಾಳದ ಚೂರು, ಸವೆದು ತೆಳ್ಳಗಾದದ್ದು.

ಕಾವ್ಯ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದಳು. ಆಮೇಲೆ ಫೋನಿನಲ್ಲಿ ದಿಕ್ಸೂಚಿ ತೆರೆದು ಹತ್ತಿರ ಹಿಡಿದಳು. ಮುಳ್ಳು ಗಿರ್ರನೆ ತಿರುಗಿತು.

"ನಾನು ಕೂತಾಗ ಮಾತ್ರ," ಎಂದಳು. "ಆ ಪದರದಲ್ಲಿ ಏನೂ ಇರಲಿಲ್ಲ ಅಕ್ಕ. ಇದೇ ಇದ್ದಿದ್ದು."

"ಬರೀ ಆ ಜಯಪ್ರಕಾಶ್‌ಗೆ! ಈಗಲೇ ಬರೀ! ನೀನು ಸುಳ್ಳಿ ಅಲ್ಲ ಅಂತ ಗೊತ್ತಾಗ್ಲಿ ಆ ಮುಂಡೇವಕ್ಕೆ," ಎಂದೆ. ಅವಳು ಫೋನಿನಲ್ಲಿ ಬರೆಯತೊಡಗಿದಳು.

ಅಷ್ಟರಲ್ಲಿ ಅವ್ವ ಹಿತ್ತಿಲಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಲಾಳದ ಚೂರು ಕಂಡು ಗಾಬರಿಯಾದಳು.

"ಬಿಸಾಕ್‌ಬ್ಯಾಡ ಕಣವ್ವ. ಹೇಳಿದ್ರೆ ನಗಾಡ್ತೀಯ ಅಂತ ಸುಮ್ನೆ ಹೊಲಿದಿಟ್ಟೆ. ನಿಮ್ಮಪ್ಪ ಸಾಕಿದ್ದ ಕೆಂದನ ಲಾಳ ಅದು. ಕೂಸಿಗಂತೂ ಇಡ್ಲಿಲ್ಲ, ನಿಂಗಾದ್ರೂ ಇರ್ಲಿ ಅಂತ." ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತಳು. ಆಮೇಲೆ ಮಗಳ ಮುಖ ನೋಡಿ ಕೇಳಿದಳು, "ಅಷ್ಟು ಸಣ್ಣಸಣ್ಣದೆಲ್ಲ ಕಾಣೋ ನಿನ್ ಮೆಷಿನ್ನಿಗೆ ಇದು ಕಾಣ್ಲೇ ಇಲ್ವಾ?"

"ಕಾಣಿಸ್ತು ಅವ್ವ," ಎಂದಳು ಕಾವ್ಯ. "ಅದಕ್ಕೆ ಇದೊಂದೇ ಕಾಣಿಸಿದ್ದು."

"ಮತ್ತೆ!" ಅವ್ವನ ಮುಖ ಅರಳಿತು. "ಅದು ಇದ್ದಿದ್ದಕ್ಕೇ ನೀನು ನಂಗೆ ಉಳ್ಕೊಂಡೆ."

ಸೂಜಿ ದಾರ ತರಲು ಅವ್ವ ಒಳಗೆ ಹೋದಳು. ಕಾವ್ಯ ಫೋನಿನಲ್ಲಿ ಬರೆದದ್ದನ್ನೆಲ್ಲ ಅಳಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಂಡಳು.

"ಅವ್ವ ಆಗ್ಲೇ ಕೂಸು ಹೋದ ತಪ್ಪು ಹೊತ್ಕೊಂಡಿದಾಳೆ ಅಕ್ಕ. ಇದನ್ನೂ ಹೊರಿಸಬೇಡ."

ನಾನು ಕತ್ತರಿ ಕೆಳಗಿಟ್ಟೆ.

ಅವ್ವ ಬಂದು ಸ್ವೆಟರ್ ತೊಡೆಯ ಮೇಲೆ ಹರಡಿಕೊಂಡಳು. ಚೂರನ್ನು ಪಟ್ಟಿಯೊಳಗೆ ಸೇರಿಸಿದಳು. ಕಣ್ಣು ಮಂಜಾದ್ದರಿಂದ ಸೂಜಿಗೆ ದಾರ ಹೋಗಲಿಲ್ಲ. ಕಾವ್ಯ ಇಸಿದುಕೊಂಡು ಪೋಣಿಸಿ ಕೊಟ್ಟಳು.