ಶಿಳಫಾಟಾದ ಏರಿನಲ್ಲಿ ಎಂಜಿನ್ ಕುದ್ದದ್ದು

ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನನ್ನದೊಂದು ಹಳೆಯ ಸೀರೆಯಿಂದ ಸೊಂಟಕ್ಕೆ ಬಿಗಿದು, ನಾಲ್ವರು ಗಂಡಸರು ಮೂರನೆಯ ಮಹಡಿಯಿಂದ ಕೆಳಗಿಳಿಸಿದರು. ನಾನು ಔಷಧಿಯ ಚೀಲ ಹಿಡಿದು ಹಿಂದೆ ಇಳಿದೆ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನೋಡಿದರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಕುರ್ಚಿಯ ಕಾಲು ಗೋಡೆಗೆ ತಾಗಿ ಸುಣ್ಣ ಕೀಳುತ್ತಿದೆಯಲ್ಲ, ಸೊಸೈಟಿಯವರು ಏನೆನ್ನುತ್ತಾರೋ ಎಂದು ಯೋಚಿಸುತ್ತಿದ್ದೆ.

ಡಿಸೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ, ಬಲಗಾಲು ಹೋದವು, ಮಾತು ಪೂರ್ತಿ ಹೋಯಿತು. ಮಗಳ ಮನೆ ನೆರೂಳದಲ್ಲಿ, ನೆಲಮಹಡಿಯಲ್ಲಿ. ವ್ಯಾಯಾಮ ಮಾಡಿಸುವವರು ಅಲ್ಲಿಗೇ ಬರುತ್ತಾರೆ, ಇಬ್ಬರೂ ಬಂದುಬಿಡಿ ಎಂದು ಅವಳು ತಿಂಗಳಾನುಗಟ್ಟಲೆ ಹೇಳಿದ ಮೇಲೆ ಹೊರಟಿದ್ದೆವು. ಅವಳು ಅಂಬ್ಯುಲನ್ಸ್ ಗೊತ್ತು ಮಾಡಿದ್ದಳು. ಆದರೆ ಇವರು ಗೋಡೆಯ ಮೊಳೆಗೆ ತೂಗುಹಾಕಿದ್ದ ಕೀಲಿಯ ಕಡೆ ಎಡಗೈ ಚಾಚಿ ಕೂತುಬಿಟ್ಟರು. ಊಟ ಬೇಡ, ನೀರು ಬೇಡ. ಅದು ನಮ್ಮ ಗಾಡಿಯ ಕೀಲಿ.

ಗಾಡಿಯ ಬಗ್ಗೆ ಹೇಳಬೇಕು. ನಮ್ಮ ಮನೆಯವರು ಒಂದು ಬಸ್ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವರು. ನಿವೃತ್ತಿಯಾದ ಮೇಲೆ ಒಂದು ಶಾಲೆಯವರು ಮೂಲೆಗೆ ತಳ್ಳಿದ್ದ ಮಿನಿಬಸ್ಸು ತಂದು, ಸೀಟು ಕಿತ್ತೆಸೆದು, ಅದರೊಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ, ಹಿಟ್ಟಿನ ಡಬ್ಬಿಗೊಂದು ಗೂಡು ಎಲ್ಲ ಮಾಡಿದರು. ಅದರಲ್ಲಿ ಒಮ್ಮೆ ಬಾದಾಮಿಗೂ ಹೋಗಿ ಬಂದೆವು. ಗಾಡಿ ಓಡಿಸಲು ನನಗೂ ಕಲಿಸಿದರು. ರಿಪೇರಿಗೆ ಅವರು ಅಡಿಯಲ್ಲಿ ಮಲಗಿದರೆ, ಬೇಕಾದ ಪಾನಾ, ಅಂದರೆ ಸ್ಪ್ಯಾನರ್, ಕೇಳುವ ಮೊದಲೇ ಕೈಗಿಡುವವಳು ನಾನು. ಬಿಲ್ಡಿಂಗಿನವರು ನಮ್ಮನ್ನು 'ಬಸ್ಸಿನ ಗೌಡರು' ಎಂದು ಗೇಲಿ ಮಾಡುತ್ತಿದ್ದರು. ಮಾಡಲಿ, ಅವರ ಕಾರುಗಳು ಮಳೆಗಾಲದಲ್ಲಿ ಕೆಟ್ಟು ನಿಂತಾಗ ನಮ್ಮ ಬಾಗಿಲಿಗೇ ಬರುತ್ತಿದ್ದರು.

ಪಾರ್ಶ್ವವಾಯು ಹೊಡೆದ ಮೇಲೆ ಎಲ್ಲರೂ ಅವರೆದುರೇ 'ಇವರಿಗೆ ತಿಳೀತದೇನು?' ಎಂದು ನನ್ನನ್ನು ಕೇಳತೊಡಗಿದರು. ಡಾಕ್ಟರೂ ಹಾಗೇ ಕೇಳಿದರು. ತಿಳಿಯುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಉಣ್ಣಿಸುತ್ತಿದ್ದೆ, ಒರೆಸುತ್ತಿದ್ದೆ, ಮಗುವಿನೊಡನೆ ಮಾತಾಡುವ ಹಾಗೆ ಮೆತ್ತಗೆ ಮಾತಾಡುತ್ತಿದ್ದೆ. ಅವರದು ಅಂತ ಉಳಿದದ್ದು ಒಂದೇ: ಅವರು ಕೈಯಾಡಿಸಿದ ಎಂಜಿನ್ ದಾರಿಯಲ್ಲಿ ನಿಂತದ್ದಿಲ್ಲ ಎಂಬ ಮಾತು. ಡಿಪೋದಲ್ಲಿ ಅದನ್ನು ಅಲ್ಲಗಳೆದವರಿಲ್ಲ. ಮಗಳು ಮಾತ್ರ ಫೋನಿನಲ್ಲಿ, "ಮಮ್ಮಿ, ವೋ ಖಟಾರಾ ರಾಸ್ತೆ ಮೇ ಬಂದ್ ಪಡೇಗಾ" ಎಂದಳು. ದಾರಿಯಲ್ಲಿ ಕೆಟ್ಟು ನಿಲ್ಲುತ್ತದಂತೆ! ನಿಲ್ಲಬಾರದು ಎಂದು ಹಟ ಹಿಡಿದೆ. ಅವರ ಗಾಡಿ ಅವರನ್ನು ನೆರೂಳಕ್ಕೆ ಮುಟ್ಟಿಸಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಹಿಂದೆ ಮಂಚವಿದ್ದರೂ ಮಲಗಲು ಒಪ್ಪಲಿಲ್ಲ. ಸ್ಟೇರಿಂಗ್ ಹಿಡಿದ ನನ್ನ ಎಡಬದಿಯ ಸೀಟಿನಲ್ಲೇ ಕೂತರು. ಆ ಗಾಡಿಯಲ್ಲಿ ಎಂಜಿನಿನ ಅರ್ಧ ಭಾಗ ಎರಡು ಸೀಟುಗಳ ನಡುವೆಯೇ, ಒಂದು ಮುಚ್ಚಳದ ಕೆಳಗೆ ಇದೆ. ಹಾಗಾಗಿ ಅವರ ಮೊಣಕಾಲು ಎಂಜಿನಿಗೆ ತಾಗಿಕೊಂಡೇ ಇತ್ತು.

ಕಲ್ಯಾಣ-ಶಿಳ ರಸ್ತೆ ಎಂದಿನಂತೆ ಅಗೆದು ಬಿದ್ದಿತ್ತು. ಹತ್ತು ಗಂಟೆಗೇ ಬಿಸಿಲು ಗಾಜಿನೊಳಗೆ ಇಳಿದಿತ್ತು. ಓಡುವಷ್ಟು ಹೊತ್ತು ಗಾಡಿ ಚೆನ್ನಾಗಿಯೇ ಓಡಿತು. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗತೊಡಗಿದ ಮೇಲೆ ಎಂಜಿನಿನ ಶಾಖ ತೋರಿಸುವ ಮುಳ್ಳು ನಡುವಿನಿಂದ ಮೇಲೇರಿತು. ಇವರು ಮುಳ್ಳನ್ನೇ ನೋಡುತ್ತಿದ್ದರು. ನಾನು ಕಿಟಕಿಗಳನ್ನೆಲ್ಲ ಪೂರ್ತಿ ತೆರೆದು ಹೀಟರ್ ಹಾಕಿದೆ. ಮೇ ತಿಂಗಳಲ್ಲಿ ಹೀಟರ್! ನೋಡಿದವರು ಹುಚ್ಚಿ ಎನ್ನಬೇಕು. ಆದರೆ ಎಂಜಿನಿನ ಕಾವನ್ನು ಒಳಗೆಳೆದುಕೊಂಡು ಅದನ್ನು ಉಳಿಸುವ ಉಪಾಯ ಇವರೇ ಕಲಿಸಿದ್ದು. ಒದ್ದೆ ಟವೆಲನ್ನು ಅವರ ತಲೆಗೆ ಹಾಕಿದೆ, ಇನ್ನೊಂದನ್ನು ನನ್ನ ಕುತ್ತಿಗೆಗೆ. ಬೆಂಕಿಯಂಥ ಗಾಳಿ ಕಾಲಿಗೆ ಹೊಡೆಯುತ್ತಿತ್ತು. ಮುಳ್ಳು ಸ್ವಲ್ಪ ಇಳಿಯಿತು.

ಶಿಳಫಾಟಾ ದಾಟಿ ಮಹಾಪೆಯ ಕಡೆಗಿನ ಏರು ಹತ್ತುವಾಗ ಹೀಟರೂ ಸೋತಿತು. ಮುಳ್ಳು ಕೆಂಪಿಗೆ ಹೋಯಿತು, ಮುಂದಿನಿಂದ ಬುಸ್ಸೆಂದು ಆವಿ ಎದ್ದಿತು. ಹಿಂದಿನ ಕಂಟೇನರ್ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಎಡಕ್ಕೆ ಎಳೆದು ನಿಲ್ಲಿಸಿದೆ. ಗಾಬರಿಯಾಗಬೇಕಿತ್ತು. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗೆ, ಏನೋ ಆಗುತ್ತಿದೆ, ಆದರೆ ನನಗಲ್ಲ ಎನ್ನಿಸಿತು. ಆರು ತಿಂಗಳಿಂದ ಹೀಗೇ ಇದ್ದೆ.

ಮಗಳ ಫೋನು ಬಂತು. ಹೇಳಿದೆ. "ಮೈನೆ ಬೋಲಾ ಥಾ ನಾ!" ಎಂದಳು, ಮೊದಲೇ ಹೇಳಿರಲಿಲ್ಲವೇ ಎಂದು. "ಅಂಬ್ಯುಲನ್ಸ್ ಭೇಜೂಂ?"

"ಬ್ಯಾಡ. ಬರ್ತೀವಿ," ಎಂದು ಫೋನಿಟ್ಟೆ.

ನಿಂತ ಜಾಗದಿಂದ ನಾಲ್ಕು ಹೆಜ್ಜೆ ಕೆಳಗೆ ತಗಡಿನ ಶೆಡ್ಡೊಂದಿತ್ತು. ಲಾರಿಗಳ ರೇಡಿಯೇಟರ್ ಬೆಸುಗೆ ಹಾಕುವ ಅಂಗಡಿ. ನಲವತ್ತು ದಾಟಿದ ಮೇಸ್ತ್ರಿ ಒಬ್ಬನೇ ಇದ್ದ. ಹಿಂದಿಯಲ್ಲಿ ಶುರು ಮಾಡಿದೆ. ನಡುವೆ ಟವೆಲ್ ಕೆಳಗೆ ಬಿದ್ದು, "ಅಯ್ಯ, ಇದೊಂದು" ಎಂದು ಬಾಯಿಂದ ಬಂತು. ಅವನು ನಕ್ಕು, "ನಮ್ಮ ಕಡಿಯವ್ರ ಏನ್ರೀ ಅಕ್ಕಾರ? ನಾ ವಿಜಾಪುರದಾಂವ," ಎಂದ. ಗಾಡಿಯನ್ನು ಹಿಂದಕ್ಕೆ ಉರುಳಬಿಟ್ಟು ಶೆಡ್ಡಿನ ನೆರಳಿಗೆ ತಂದೆವು. ಇವರಿಗೆ ಅವನು ತನ್ನ ಟೇಬಲ್ ಫ್ಯಾನ್ ತಿರುಗಿಸಿಟ್ಟ.

"ಕಾಕಾರಿಗೆ ಆರಾಮಿಲ್ಲೇನ್ರೀ? ಇವ್ರಿಗೆ ತಿಳೀತದೇನು?"

"ಗೊತ್ತಿಲ್ಲಪಾ," ಎಂದೆ.

ಎಂಜಿನ್ ಆರುವವರೆಗೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಲಿಲ್ಲ. ಆಮೇಲೆ ರೇಡಿಯೇಟರಿನಲ್ಲಿ ಕಸ ಕಟ್ಟಿದೆ ಎಂದು ಮೇಸ್ತ್ರಿ ತೀರ್ಮಾನ ಮಾಡಿದ. ಕಟ್ಟಿರಲಿಕ್ಕಿಲ್ಲ, ದೀಪಾವಳಿ ಹೊತ್ತಿಗೆ ತೊಳೆದಿದೆ ಎಂದೆ. ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪೈಪು ಹಚ್ಚಿ ಒಂದು ತಾಸು ತೊಳೆದ, ಬಂದದ್ದು ಶುದ್ಧ ನೀರು. ಹೊಸ ನೀರು ತುಂಬಿ ಎಂಜಿನ್ ಶುರು ಮಾಡಿದರೆ, ನಿಂತಲ್ಲೇ ಮುಳ್ಳು ಮತ್ತೆ ಏರಿತು.

ಆಗ ಅವನು ಒಂದು ಹಾಳೆ ಪೇಪರ್ ತಂದು ಗಾಡಿಯ ಮೂತಿಗೆ, ಜಾಲರಿಯ ಮೇಲೆ ಹಿಡಿದ. ಒಳಗಿನ ಫ್ಯಾನು ಸರಿಯಾಗಿ ಗಾಳಿ ಎಳೆಯುತ್ತಿದ್ದರೆ ಪೇಪರ್ ಅಂಟಿ ನಿಲ್ಲಬೇಕು. ಅದು ಜಾರಿ ಅವನ ಕಾಲ ಮೇಲೆ ಬಿತ್ತು. ಎಂಜಿನ್ ನಿಲ್ಲಿಸಿ, ಸೀಟುಗಳ ನಡುವಿನ ಮುಚ್ಚಳ ಎತ್ತಿ, ಟಾರ್ಚು ಬಿಟ್ಟು ನೋಡಿದ. ಆಮೇಲೆ ಜೋರಾಗಿ ನಕ್ಕ.

"ಅಯ್ಯಯ್ಯ! ಫ್ಯಾನ್ ಉಲ್ಟಾ ಹಾಕ್ಯಾರಲ್ರೀ! ಹಿಂದಿಂದು ಮುಂದ, ಮುಂದಿಂದು ಹಿಂದ. ಯಾವ ಶಾಣ್ಯಾ ಹಾಕಿದಾಂವ? ಗಾಳಿ ಬರ್ತದ, ಆದ್ರ ಅರ್ಧಾನೂ ಬರೂದಿಲ್ಲ. ಓಡೂವಾಗ ಹೊರಗಿನ ಗಾಳಿ ಮ್ಯಾಲ ನಡೀತದ, ನಿಂತ್ರ ಕುದೀತದ. ಇದನ್ನ ಹಾಕಿದಾಂವ ಜಲ್ಮದಾಗ ಎಂಜಿನ್ ನೋಡಿರ್ಲಿಕ್ಕಿಲ್ಲ ಬಿಡ್ರಿ."

ನಾನೂ ಬಗ್ಗಿ ನೋಡಿದೆ. ಫ್ಯಾನಿನ ನಾಲ್ಕು ಬೋಲ್ಟುಗಳ ತಲೆಯ ಮೇಲೂ ಒಂದೊಂದು ಕೆಂಪು ಗೆರೆ. ಅದು ನನ್ನ ಉಗುರುಬಣ್ಣ. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಗೆರೆ ಎಳೆಯುವುದು ಇವರ ಡಿಪೋದ ರೂಢಿ. ಮುಂದೆಂದಾದರೂ ಬೋಲ್ಟು ಸಡಿಲವಾದರೆ ಗೆರೆ ಸರಿದು ಗೊತ್ತಾಗುತ್ತದೆ. ಮನೆಯಲ್ಲಿ ಪೇಂಟ್ ಇಲ್ಲದಿದ್ದರೆ ನನ್ನ ಬಾಟಲಿ ಎತ್ತಿಕೊಂಡು ಹೋಗುತ್ತಿದ್ದರು. ನಾಲ್ಕೂ ಗೆರೆ ನೆಟ್ಟಗೆ ಇದ್ದವು, ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಇವರು ಬಿಗಿದ ಮೇಲೆ ಬೇರೆ ಯಾರೂ ಮುಟ್ಟಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಇವರು ಫ್ಯಾನು ಬಿಚ್ಚಿ ವಾಟರ್ ಪಂಪ್ ಬದಲಿಸಿದ್ದರು. ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಎರಡನೆಯ ದಿನ ಚಹಾ ಕೊಡಲು ಹೋದಾಗ ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಇತ್ತ ತಿರುಗಿಸಿ, ಅತ್ತ ತಿರುಗಿಸಿ ನೋಡುತ್ತ ಕೂತಿದ್ದರು. ನಾನು, "ಡಿಪೋದಾಗ ಹಿಂಗ ಮಾಡಿದ್ರ ಮಂದಿ ನಡಕೋತ ಊರು ಮುಟ್ಟತಿದ್ರು," ಎಂದು ಬೈದು, ಪಾನಾ ಕೊಡುವುದನ್ನೂ ಬಿಟ್ಟು ಮೇಲೆ ಬಂದೆ. ಆಲಸ್ಯ ಎಂದುಕೊಂಡಿದ್ದೆ. ತಿಂಗಳೊಪ್ಪತ್ತಿನಲ್ಲಿ ಪಾರ್ಶ್ವವಾಯು ಹೊಡೆಯಿತು. ಮೊದಲೇನಾದರೂ ಬದಲಾವಣೆ ಕಂಡಿತ್ತೇ ಎಂದು ಡಾಕ್ಟರ್ ಕೇಳಿದಾಗ ಇಲ್ಲ ಎಂದಿದ್ದೆ. ನನ್ನ ಕಣ್ಣೆದುರೇ ಶುರುವಾಗಿತ್ತು, ನಾನು ಬೈದು ಮೆಟ್ಟಿಲು ಹತ್ತಿದ್ದೆ. ಇದನ್ನೆಲ್ಲ ಆ ಶೆಡ್ಡಿನಲ್ಲಿ ನಿಂತು ಲೆಕ್ಕದ ಹಾಗೆ ಒಂದರ ಕೆಳಗೊಂದು ಜೋಡಿಸಿ ನೋಡಿದೆ. ಆಗಲೂ ಅಳು ಬರಲಿಲ್ಲ.

ಮೇಸ್ತ್ರಿ ಇನ್ನೂ ನಗುತ್ತಲೇ ಇದ್ದ. ಇವರು ಒಂದು ಮೊಳ ದೂರದಲ್ಲಿ ಕೂತು ಎಲ್ಲ ಕೇಳುತ್ತಿದ್ದರು.

"ನಾ ಹಾಕಿದ್ದು," ಎಂದೆ.

"ನೀವs?"

"ಹೂಂ. ಇವ್ರಿಗೆ ಆರಾಮಿರಲಿಲ್ಲ, ನಾನs ಹಾಕಿದೆ. ನನಗೇನ್ ಗೊತ್ತಾಗ್ತದ."

"ಅದಕ್ಕ ಮತ್ತ!" ಎಂದು ಅವನು ತೊಡೆ ತಟ್ಟಿಕೊಂಡ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ, ರೊಟ್ಟಿ ಬಡದಷ್ಟು ಸರಳಲ್ಲಿದು. ಗೊತ್ತಿಲ್ಲಂದ್ರ ಕೈ ಹಾಕಬಾರದು. ಕಾಕಾರ ಜೀವಕ್ಕ ಬರ್ತಿತ್ತು."

ತಲೆ ತಗ್ಗಿಸಿ ಕೇಳಿಸಿಕೊಂಡೆ. ರೊಟ್ಟಿ ಬಡಿಯುವುದು ಸರಳವೆಂದು ಇವನಿಗೆ ಯಾರು ಹೇಳಿದರೋ.

ಟಪ್ ಟಪ್ ಎಂದು ಸದ್ದಾಯಿತು. ನಮ್ಮ ಮನೆಯವರು ಎಡಗೈಯಿಂದ ಎಂಜಿನಿನ ಪಕ್ಕದ ತಗಡು ಬಡಿಯುತ್ತಿದ್ದರು. ನಾವಿಬ್ಬರೂ ತಿರುಗಿದೆವು. ಅವರು ಮೇಸ್ತ್ರಿಯನ್ನೇ ನೋಡುತ್ತಿದ್ದರು. ಅದೇ ಕೈಯನ್ನು ಎತ್ತಿ ಫ್ಯಾನಿನ ಕಡೆ ತೋರಿಸಿದರು, ಆಮೇಲೆ ತಮ್ಮ ಎದೆಗೆ ಬಡಿದುಕೊಂಡರು. ಎರಡು ಸಲ. ನನ್ನ ಕಡೆ ತೋರಿಸಿ, ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಎದೆ ಮುಟ್ಟಿಕೊಂಡರು.

ಮೇಸ್ತ್ರಿಯ ನಗು ನಿಂತಿತು. "ಕಾಕಾ ಹಾಕಿದ್ದೇನ್ರೀ?" ಎಂದು ಮೆಲ್ಲಗೆ ಕೇಳಿದ. ಅವರು ಹೌದೆಂದು ತಲೆಯಾಡಿಸಿದರು.

ನನಗೆ ಸಿಟ್ಟು ಬಂತು. ಆರು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಬಂತು ಎಂದರೆ ಅದು ಸಿಟ್ಟು, ಕಾಲಿನಿಂದ ನೆತ್ತಿಯವರೆಗೆ. "ಅಲ್ರೀ, ನಿಮ್ಮ ಸಲುವಾಗಿ ಸುಳ್ಳು ಹೇಳಿ ಬೈಸ್ಕೊಳ್ಳಾಕತ್ತೀನಿ, ಸುಮ್ನ ಕುಂಡ್ರಾಕ ಏನಾಗಿತ್ತು ನಿಮಗ?" ಎಂದು ಕೂಗಿದೆ. "ಅಂದs ಗೊತ್ತಾಗಿತ್ತಲ್ಲ, ಕೈ ನಡೀವಲ್ದು ಅಂತ? ಮೂರು ದಿನ ಅದನ್ನ ತಿರುಗ್ಯಾಡಿಸಿ ನೋಡಿದ್ರಿ. ಒಂದು ಮಾತು ಹೇಳಿದ್ರ ಬಾಯಿ ಸವೀತಿತ್ತ? ಹೇಳಿದ್ರ ನಾ ದವಾಖಾನಿಗೆ ಕರಕೊಂಡು ಹೋಗ್ತಿದ್ದಿಲ್ಲೇನು?" ಇನ್ನೂ ಏನೇನೋ ಅಂದೆ. ರಸ್ತೆಯ ಲಾರಿಗಳ ಸದ್ದಿನ ಮೇಲೆಯೂ ನನ್ನ ದನಿ ಕೇಳುತ್ತಿತ್ತು. ಇವರು ತಲೆ ತಗ್ಗಿಸಲಿಲ್ಲ. ಮೊದಲೆಲ್ಲ ನಾನು ಬೈಯುವಾಗ ನೋಡುತ್ತಿದ್ದ ಹಾಗೆಯೇ, ಮುಗಿಯಲಿ ಎಂದು ಕಾದು ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು ಎಂದು ಗಲ್ಲ ಒದ್ದೆಯಾದ ಮೇಲೆ ತಿಳಿಯಿತು.

ಮೇಸ್ತ್ರಿ ನಾಲ್ಕೂ ಬೋಲ್ಟು ಬಿಚ್ಚಿ, ಫ್ಯಾನು ತಿರುಗಿಸಿ ಕೂರಿಸಿದ. ಮೂರು ಬೋಲ್ಟು ಬಿಗಿದ. ನಾಲ್ಕನೆಯದನ್ನು ಕೈಯಿಂದ ಅರ್ಧ ತಿರುಗಿಸಿ, ಪಾನಾವನ್ನು ಒರೆಸಿ ಇವರ ಎಡಗೈಗೆ ಕೊಟ್ಟ. "ನೀವು ಮುಗಸ್ರಿ ಕಾಕಾ," ಎಂದ. ನಾನು ಅವರ ಬೆನ್ನ ಹಿಂದೆ ಕೈಯಿಟ್ಟು ಮುಂದಕ್ಕೆ ಬಗ್ಗಿಸಿ ಹಿಡಿದೆ. ಪಾನಾ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು. ಒಂದೊಂದು ತಿರುವಿಗೂ ಬಹಳ ಹೊತ್ತು ಹಿಡಿಯಿತು. ಅವರ ಬೆವರು ಎಂಜಿನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ಬೀಡಿ ಹಚ್ಚದೆ ಕಿವಿಯ ಮೇಲೇ ಇಟ್ಟುಕೊಂಡು ನಿಂತಿದ್ದ. ಕೊನೆಗೆ ಅವರು ಪಾನಾ ತೆಗೆದು ಹಿಂದಕ್ಕೊರಗಿದರು.

ಆ ಬೋಲ್ಟನ್ನು ನಾನು ಮತ್ತೆ ಮುಟ್ಟಲಿಲ್ಲ ಎಂದು ಬರೆಯಲು ಆಸೆ. ಮೇಸ್ತ್ರಿಯೂ ಮುಟ್ಟಬ್ಯಾಡ್ರಿ ಎಂದು ಕಣ್ಣಲ್ಲೇ ಹೇಳಿದ. ಇವರು ಹಿಂದೆ ಮಲಗಿದ ಮೇಲೆ ನೋಡಿಕೊಂಡರಾಯಿತು ಎಂಬ ಹಾಗೆ. ಆರು ತಿಂಗಳು ನಾನೂ ಎಲ್ಲವನ್ನೂ ಅವರಿಗೆ ಕಾಣದ ಹಾಗೆ, ಬೆನ್ನ ಹಿಂದೆ ಸರಿಪಡಿಸುತ್ತಲೇ ಬಂದಿದ್ದೆ. ಪಾನಾ ತೆಗೆದುಕೊಂಡು ಅವರೆದುರೇ ಬೋಲ್ಟಿಗೆ ಹಾಕಿ ನೋಡಿದೆ. ಮುಕ್ಕಾಲು ಸುತ್ತು ತಿರುಗಿತು.

"ಸಡ್ಲ ಐತ್ರಿ," ಎಂದೆ, ಅವರ ಮುಖ ನೋಡಿಯೇ.

ಅವರು ಬೋಲ್ಟನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೂ ಸ್ವಲ್ಪ ಬಿಗಿ ಮಾಡು ಎಂದು ಎಡಗೈಯ ಬೆರಳು ತಿರುಗಿಸಿ ತೋರಿಸಿದರು.