ನೂಲಿನಲ್ಲಿ ಕರುಳು ತೋರಿಸುತ್ತಿದ್ದ ಡಾಕ್ಟರು

ನಮ್ಮ ಡಾಕ್ಟರ್ ಬಸವಂತರಾಯರ ಕೋಟಿನ ಜೇಬಿನಲ್ಲಿ ಸದಾ ಒಂದು ಕೆಂಪು ನೂಲಿನ ಉಂಡೆ ಇರುತ್ತಿತ್ತು. ಬನಹಟ್ಟಿಯಲ್ಲಿ ನೂಲಿಗೇನು ಬರ? ಆದರೆ ಅವರು ಅದನ್ನಿಟ್ಟುಕೊಂಡದ್ದು ಹೊಟ್ಟೆಯ ಒಳಗನ್ನು ತೋರಿಸಲಿಕ್ಕೆ. ಆಪರೇಷನ್ ಎಂದರೆ ನಡುಗುವ ನೇಕಾರರಿಗೆ ಚಿತ್ರ ಬರೆದರೆ ತಿಳಿಯದು, ನೂಲು ಹಾಸಿದರೆ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಕಂಪೌಂಡರನಾದ ನಾನು ಮೇಜಿನ ಮೇಲೆ ಬಿಳಿ ಟವೆಲ್ ಹಾಸಿಕೊಡಬೇಕಿತ್ತು.

ಒಮ್ಮೆ ನೇಕಾರರ ಗಂಗವ್ವ ಆಪರೇಷನ್ ಬೇಡವೆಂದು ಪಟ್ಟು ಹಿಡಿದಳು. ಗಂಡನ ದೊಡ್ಡ ಕರುಳಿನಲ್ಲಿ ಗಡ್ಡೆ, ಅಷ್ಟು ಭಾಗ ಕತ್ತರಿಸಬೇಕಿತ್ತು. "ಉಳಿದ ಕರಳು ಕೊಳಿಯೂದಿಲ್ಲೇನ್ರಿ?"

ಡಾಕ್ಟರರು ನೂಲು ಹಾಸಿದರು. "ನೋಡವ್ವಾ, ದೊಡ್ಡ ಕರಳಿಗೆ ರಕ್ತ ತರೂವು ಎರಡು ನಾಳ. ಮ್ಯಾಲಿಂದು ಬಲಗಡಿಗೆ, ಕೆಳಗಿಂದು ಎಡಗಡಿಗೆ. ಅಂಚಿಗುಂಟ ಹೋಗೂ ಈ ಸಣ್ಣ ನಾಳ ಎರಡನ್ನೂ ಕೂಡಸ್ತೈತಿ. ಒಂದು ಕಡೆ ಕಡಿಮಿ ಬಿದ್ರ ಇನ್ನೊಂದು ಕಡಿಂದ ಬರತೈತಿ."

ಗಂಗವ್ವ ಎಡಗಡೆಯ ಮೇಲಿನ ಮೂಲೆಗೆ ಬೆರಳಿಟ್ಟು, "ಎರಡೂ ದೂರಿಂದ ಬಂದು ಇಲ್ಲೇ ಕೂಡ್ತಾವಲ್ರಿ, ಈ ಜಾಗಾ ಬಡವಾತು" ಅಂದಳು.

"ಮಲ್ಲಪ್ಪಾ, ನಾ ವರ್ಷಗಟ್ಟಲೆ ಓದಿ ಕಲ್ತದ್ದನ್ನ ಈಕಿ ಒಮ್ಮಿ ನೋಡಿ ಹೇಳಿದ್ಲು" ಎಂದು ಅವರು ನನ್ನತ್ತ ತಿರುಗಿ ನಕ್ಕರು. ಗಂಗವ್ವ ಆಪರೇಷನ್‌ಗೆ ಒಪ್ಪಿದಳು, ಅವಳ ಗಂಡ ಬದುಕಿದ.

ಒಂದು ಮುಂಜಾನೆ ಅವರಿಗೇ ಹೊಟ್ಟೆನೋವು ಬಂತು. ಮನೆಗೆ ಓಡಿದೆ. ಜೀವ ಹಿಂಡುವ ನೋವು, ಆದರೆ ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೇ ಇತ್ತು. ಅವರ ಎದೆಬಡಿತ ಮೊದಲಿನಿಂದಲೂ ತಾಳ ತಪ್ಪಿದ್ದು.

"ಎದಿಯಾಗ ಹೆಪ್ಪುಗಟ್ಟಿದ ರಕ್ತ ಬಂದು ಮ್ಯಾಲಿನ ನಾಳ ಮುಚ್ಚೈತಿ. ಸಣ್ಣ ಕರಳು, ದೊಡ್ಡ ಕರಳಿನ ಬಲಭಾಗ ಎಲ್ಲಾ ಹೋಗ್ತೈತಿ. ಅಂಚಿನ ನಾಳಕ್ಕ ಇಷ್ಟು ಹೊರಾಕ ಆಗೂದಿಲ್ಲ" ಎಂದು ಅವರೇ ತಮ್ಮ ರೋಗ ಹೇಳಿದರು.

"ಔಷಧ ಹೇಳ್ರಿ, ಕೊಡತೇನಿ."

"ನಮ್ಮ ಕಪಾಟಿನ್ಯಾಗ ಇಲ್ಲ."

ಮೀರಜಿನ ದೊಡ್ಡ ಆಸ್ಪತ್ರೆಗೆ ಒಯ್ಯಲು ನಾನೇ ಕಾರಿಗೆ ಹೇಳಿ ಕಳಿಸಿದೆ. ಅಷ್ಟರಲ್ಲಿ ಅವರ ಹೆಂಡತಿ ಶಾಂತಕ್ಕ ಎಣ್ಣೆಯ ಬಟ್ಟಲು ಹಿಡಿದು ಬಂದರು. "ಹೊಕ್ಕಳ ಸರದಿರಬೇಕ್ರಿ. ಒಂದೀಟು ತಿಕ್ಕಲೇನ್ರಿ?"

ಹೀಗೆ ತಿಕ್ಕಿಸಿಕೊಂಡು ತಡವಾಗಿ ಬಂದವರನ್ನು ಡಾಕ್ಟರರು ಬೈದು ಬೆವರಿಳಿಸುತ್ತಿದ್ದರು. ನಾನು ತಡೆಯಲು ಹೋದೆ. ಅವರು ನನ್ನ ಕೈ ಹಿಡಿದರು. "ಬಿಡು, ಅಕಿಗೆ ಏನರ ಮಾಡಬೇಕನಸ್ತೈತಿ" ಎಂದು ಮೆಲ್ಲಗೆ ಹೇಳಿ ಅಂಗಿ ಮೇಲೆತ್ತಿಕೊಂಡರು.

ಶಾಂತಕ್ಕ ತಿಕ್ಕುತ್ತ "ಕಡಿಮಿ ಆತೇನ್ರಿ?" ಎಂದು ಕೇಳುತ್ತಲೇ ಇದ್ದರು. ಹಲ್ಲು ಕಚ್ಚಿಕೊಂಡು ಅವರು ಪ್ರತಿ ಸಲವೂ "ಆಗಾಕತ್ತೈತಿ" ಅಂದರು. ನಾನು ಕಾಲ ಬಳಿ ಸುಮ್ಮನೆ ನಿಂತಿದ್ದೆ. ಅಷ್ಟು ನಿರುಪಯೋಗಿ ನಾನು ಎಂದೂ ಆಗಿರಲಿಲ್ಲ. ದಾರಿಯಲ್ಲಿ ಕುಡಚಿ ದಾಟುವ ಮೊದಲೇ ಅವರು ಕಾರಿನಲ್ಲಿ ತೀರಿಕೊಂಡರು.

ಈಗಲೂ ಭೇಟಿಯಾದಾಗ ಶಾಂತಕ್ಕ ಹೇಳುತ್ತಾರೆ, "ತಿಕ್ಕಿದಾಗ ಕಡಿಮಿ ಆಗಿತ್ತು ಮಲ್ಲಪ್ಪಾ. ಆ ಕಾರಿನ್ಯಾಗ ಹಾಕಿ ಒಯ್ಯಬಾರದಿತ್ತು ನೀ."

"ಖರೆರಿ ಅಕ್ಕಾ" ಅನ್ನುತ್ತೇನೆ.